ವೆಟೂರಿಯ ಡಾಕ್ಟರಿಗೆ ಸಿಗದ ಬೈಗುಳ

ಹರಲಾಂಬಿಯೆ ಡಾಕ್ಟರು ಬೈಯುವುದನ್ನು ಕೇಳಬೇಕೆಂದೇ ಬೇರೆ ವಿಭಾಗದ ನರ್ಸುಗಳು ಬುಧವಾರ ಬೆಳಗ್ಗೆ ಏನಾದರೊಂದು ನೆಪ ಹೂಡಿಕೊಂಡು ತುರ್ತು ವಿಭಾಗದ ಕಡೆ ಬರುತ್ತಿದ್ದರು. ಬುಧವಾರ ಪಾಠದ ದಿನ. ವಿಭಾಗದ ಹಿಂದುಗಡೆ, ಮೊದಲು ಹಾಸಿಗೆ ಹೊದಿಕೆ ಒಟ್ಟುತ್ತಿದ್ದ ಕೋಣೆಯಲ್ಲಿ, ಮೇಜಿನ ಮೇಲೆ ಒಬ್ಬ ರಬ್ಬರಿನ ಮನುಷ್ಯ ಅಂಗಾತ ಮಲಗಿರುತ್ತಿದ್ದ. ಅವನಿಗೆ ಯಾರೋ ಗೋಗು ಮಾಮ ಎಂದು ಹೆಸರಿಟ್ಟಿದ್ದರು. ತುರ್ತು ಚಿಕಿತ್ಸೆಯಲ್ಲಿ ಪಳಗಲು ಬಂದ ತರಬೇತಿ ಡಾಕ್ಟರುಗಳು ಜೀವ ಇರುವವರ ಮೈ ಮುಟ್ಟುವ ಮೊದಲು ಗೋಗು ಮಾಮನನ್ನು ಹತ್ತಾರು ಸಲ ಕೊಂದು, ಹತ್ತಾರು ಸಲ ಬದುಕಿಸಬೇಕಿತ್ತು.

ಆ ಬುಧವಾರ ಗೋಗು ಮಾಮನ ತಲೆಯ ಬಳಿ ನಿಂತವಳು ಸೊರಾನ. ಇಪ್ಪತ್ತಾರರ ಹುಡುಗಿ. ಕೂದಲನ್ನು ಮೇಲೆತ್ತಿ ಗಂಟು ಕಟ್ಟಿ ಅದಕ್ಕೊಂದು ಪೆನ್ನು ಚುಚ್ಚಿಕೊಂಡಿದ್ದಳು. ನಾಲಿಗೆ ಎತ್ತಿಹಿಡಿಯುವ ಲೋಹದ ಹಿಡಿಕೆಯನ್ನು ಬಾಯಿಗೆ ತೂರಿಸಿ, ಉಸಿರಾಟದ ಕೊಳವೆಯನ್ನು ಗಂಟಲೊಳಗೆ ಇಳಿಸಲು ಬಗ್ಗಿದ್ದಳು.

"ಅದು ಗಂಟಲು ಕಣೇ, ಕಟ್ಕೊಂಡಿರೋ ಮೋರಿ ಅಲ್ಲ!" ಹರಲಾಂಬಿಯೆಯ ಗಂಟಲು ಕೋಣೆ ದಾಟಿ, ಹೊರಗೆ ಆಂಬುಲೆನ್ಸ್ ನಿಲ್ಲುವಲ್ಲಿಗೂ ಮುಟ್ಟಿತು. "ಹಿಡಿಕೆ ಮೇಲಕ್ಕೆ ಎತ್ತು. ಹಲ್ಲಿನ ಮೇಲೆ ಯಾಕೆ ಊರ್ತೀಯಾ? ನಿಮ್ಮಜ್ಜಿ ಜೋಳದ ಹಿಟ್ಟಿನ ಗಂಜಿ ತಿರುವೋವಾಗ ಪಕ್ಕದಲ್ಲಿ ನಿಂತು ಕಲ್ತಿದ್ದಾ ಇದು? ತೆಗಿ. ಮತ್ತೆ ಮಾಡು. ತೆಗಿ ಅಂದೆ! ಮತ್ತೆ."

ಸೊರಾನ ತೆಗೆದಳು, ಮಾಡಿದಳು, ಬೈಸಿಕೊಂಡಳು. ಮತ್ತೆ ತೆಗೆದಳು. ಕಿವಿ ಕೆಂಪಗಾಗಿ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುವ ಹೊತ್ತಿಗೆ ಕೊಳವೆ ಸರಿಯಾದ ದಾರಿ ಹಿಡಿದು, ಗೋಗು ಮಾಮನ ಎದೆ ಎರಡೂ ಕಡೆ ಸಮವಾಗಿ ಉಬ್ಬಿತು.

"ಹಾ. ಈಗ ಮನುಷ್ಯಳಾದೆ," ಎಂದ ಹರಲಾಂಬಿಯೆ.

ಮುಂದಿನ ಸರದಿ ವೆಟೂರಿಯಳದು. ವಯಸ್ಸು ನಲವತ್ತಮೂರು. ಓದುವ ಕನ್ನಡಕವನ್ನು ದಾರ ಕಟ್ಟಿ ಕತ್ತಿಗೆ ಇಳಿಬಿಟ್ಟುಕೊಂಡಿದ್ದಳು. ಅವಳು ಇಳಿಸಿದ ಕೊಳವೆ ಉಸಿರಿನ ದಾರಿ ಬಿಟ್ಟು ಅನ್ನದ ದಾರಿ ಹಿಡಿಯಿತು. ಎದೆ ಉಬ್ಬುವ ಬದಲು ಗೋಗು ಮಾಮನ ಹೊಟ್ಟೆ ಉಬ್ಬಿತು. ನಿಜವಾದ ರೋಗಿಯಾಗಿದ್ದರೆ ಅಲ್ಲೇ ಕಣ್ಣು ಮುಚ್ಚುತ್ತಿದ್ದ. ಅವಳು ಮೈ ಬಿಗಿಹಿಡಿದು ಕಾದಳು.

"ಪರವಾಗಿಲ್ಲ ಡಾಕ್ಟರ್," ಎಂದ ಹರಲಾಂಬಿಯೆ ತಣ್ಣಗೆ. "ಬಿಡುವಾದಾಗ ಇನ್ನೊಂದ್ಸಲ ನೋಡ್ಕೊಳ್ಳಿ. ಮುಂದಿನವರು ಬನ್ನಿ."

ಆ 'ಪರವಾಗಿಲ್ಲ' ವೆಟೂರಿಯಳ ಹೊಟ್ಟೆಗೆ ಮೆಣಸಿನ ಪುಡಿ ಎರಚಿದಂತಾಯಿತು. ಗೋಡೆಯ ಪಕ್ಕ ಹೋಗಿ ನಿಂತು ಸೊರಾನಳ ಕೆಂಪು ಕಿವಿಗಳನ್ನೇ ನೋಡಿದಳು. ಯಾರದೋ ಕೊರಳಿನ ಹೊಸ ಸರವನ್ನು ನೋಡುವಂತೆ ನೋಡಿದಳು.

ವೆಟೂರಿಯಳೂ ಹರಲಾಂಬಿಯೆಯೂ ಒಂದೇ ವರ್ಷ ವೈದ್ಯಕೀಯ ಕಾಲೇಜು ಸೇರಿದವರು. ಆಗ ಅವನು ಲಾಂಬಿ, ಇವಳು ವೆಟಾ. ಅವಳು ತರಗತಿಗೆ ಮೊದಲಿಗಳು. ಅವನು ಶರೀರರಚನೆಯ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನು. ಹಾಸ್ಟೆಲಿನ ಅಡುಗೆಮನೆಯಲ್ಲಿ ಕೋಳಿ ಸಾರಿನ ಮೂಳೆಗಳನ್ನು ತಟ್ಟೆಯಂಚಿಗೆ ಸಾಲಾಗಿಟ್ಟು, ಇದು ಇದರ ಥರ, ಅದು ಅದರ ಥರ ಎಂದು ಅವಳು ಅವನಿಗೆ ಮನುಷ್ಯನ ಮೂಳೆಗಳನ್ನು ಕಲಿಸಿದ್ದಳು. ಕೋರ್ಸು ಮುಗಿದ ಮೇಲೆ ದಾರಿ ಬೇರೆಯಾಯಿತು. ಅವನು ದೊಡ್ಡ ಊರಿಗೆ ಹೋಗಿ ತುರ್ತು ಚಿಕಿತ್ಸೆ ಕಲಿತ. ಅವಳು ಡ್ಯಾನ್ಯೂಬ್ ನದಿ ದಾಟಿಸುವ ಹಡಗಿನ ಕಪ್ತಾನ ಟ್ರಾಯನ್‌ನನ್ನು ಮದುವೆಯಾಗಿ, ನದಿಯ ಕೆಳಹರಿವಿನ ದಡದ ಒಂದು ಹಳ್ಳಿಯಲ್ಲಿ ಕುಟುಂಬ ವೈದ್ಯೆಯಾದಳು. ಕೆಮ್ಮು, ರಕ್ತದೊತ್ತಡ, ಮಕ್ಕಳಿಗೆ ಲಸಿಕೆ, ಮುದುಕಿಯರ ಮೊಣಕಾಲು. ಹದಿನಾರು ವರ್ಷ ಹಾಗೆಯೇ ಸರಿದುಹೋಯಿತು.

ಅವಳು ಹಳ್ಳಿ ಬಿಡಲು ಕಾರಣ ಚರ್ಚಿನಲ್ಲಿ ಹಾಡುತ್ತಿದ್ದ ಇಯೊನಿಕೆ. ಈಸ್ಟರ್ ಹಬ್ಬದ ಹಿಂದಿನ ವಾರ ಅವನು ಸೊಂಟ ಹಿಡಿದುಕೊಂಡು ಬಂದ. ಮೂತ್ರಪಿಂಡದ ಕಲ್ಲಿರಬೇಕು ಎಂದು ಇವಳು ನೋವಿನ ಚುಚ್ಚುಮದ್ದು ಕೊಟ್ಟಳು. ಅವನು ಬಾಗಿಲವರೆಗೆ ನಡೆದು, ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದ. ಕಲ್ಲಲ್ಲ, ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಬಲೂನಿನಂತೆ ಊದಿ ಒಡೆದಿತ್ತು. ಅವನ ಉಸಿರು ನಿಂತಾಗ ಆಂಬುಲೆನ್ಸು ನದಿಯ ಆಚೆ ದಡದಲ್ಲಿ ಹಡಗಿಗಾಗಿ ಕಾಯುತ್ತಿತ್ತು. ಆ ಹಡಗನ್ನು ನಡೆಸುತ್ತಿದ್ದವನು ಅವಳ ಗಂಡನೇ.

ಅದಾದ ಮೇಲೆ ವೆಟೂರಿಯಳಿಗೆ ಹಳ್ಳಿಯ ಕೆಮ್ಮುಗಳು ಸಾಕೆನಿಸಿದವು. ಮಗಳನ್ನು ಓದಿಸುತ್ತ ತಾನೂ ಓದಿದಳು. ದೇಶಕ್ಕೆಲ್ಲ ಒಂದೇ ಆಗಿರುವ ದೊಡ್ಡ ಪ್ರವೇಶ ಪರೀಕ್ಷೆ ಬರೆದು, ಐದು ವರ್ಷದ ತುರ್ತು ಚಿಕಿತ್ಸೆಯ ತರಬೇತಿಗೆ ಈ ಬಂದರು ಊರಿನ ಆಸ್ಪತ್ರೆಗೆ ಬಂದಳು. ಬಂದು ನೋಡಿದರೆ ವಿಭಾಗದ ಮುಖ್ಯಸ್ಥ ಅದೇ ಲಾಂಬಿ. ಮೊದಲ ದಿನ ಅವನು ಎದ್ದು ನಿಂತು, ಕೈ ಕುಲುಕಿ, "ಸ್ವಾಗತ ಡಾಕ್ಟರ್, ನೀವು ಬಂದಿದ್ದು ನಮ್ಮ ಅದೃಷ್ಟ" ಎಂದ. ನೀವು! ವೆಟೂರಿಯಳ ಬಾಯಿಗೆ ಬಂದಿದ್ದ 'ಲಾಂಬಿ' ಗಂಟಲಲ್ಲೇ ಉಳಿಯಿತು.

ಮೊದಮೊದಲು ಅವಳಿಗೆ ಆ 'ನೀವು' ಮರ್ಯಾದೆಯಂತೆ ಕಂಡಿತು. ಆರು ತಿಂಗಳು ಕಳೆಯುವಷ್ಟರಲ್ಲಿ ಬೇರೆಯೇ ಆಗಿ ಕಾಣತೊಡಗಿತು. ಸೊರಾನ ಎದೆಯ ಎಕ್ಸ್-ರೇ ಒಂದನ್ನು ತಪ್ಪಾಗಿ ಓದಿದರೆ ಹರಲಾಂಬಿಯೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು, ತಲೆ ತಿನ್ನುತ್ತ, ಗದರುತ್ತ, ಎಲ್ಲಿ ನೋಡಬೇಕಿತ್ತು, ಯಾಕೆ ನೋಡಲಿಲ್ಲ, ನಾಳೆ ಹೇಗೆ ನೋಡುತ್ತಿ ಎಂದು ಗಂಟೆಗಟ್ಟಲೆ ಜಾಲಾಡುತ್ತಿದ್ದ. ವೆಟೂರಿಯ ತಪ್ಪಾಗಿ ಓದಿದರೆ ತಾನೇ ಸದ್ದಿಲ್ಲದೆ ತಿದ್ದಿ, ಸಹಿ ಹಾಕಿ, ಮುಂದೆ ಹೋಗುತ್ತಿದ್ದ. ಬೈಗುಳ ಎಲ್ಲಿತ್ತೋ ಪಾಠ ಅಲ್ಲಿತ್ತು. ಅವಳಿಗೆ ಸಿಗುತ್ತಿದ್ದುದು ಬರೀ ನಮಸ್ಕಾರ.

"ನೀನೊಂದು ವಿಚಿತ್ರ ಪ್ರಾಣಿ," ಎಂದ ಟ್ರಾಯನ್, ಭಾನುವಾರ ಎಲೆಕೋಸಿನ ಸುರುಳಿಗಳನ್ನು ತಟ್ಟೆಗೆ ಹಾಕುತ್ತ. "ಬೈದ್ರು ಅಂತ ಅಳೋ ಹೆಂಗಸ್ರನ್ನ ನೋಡಿದೀನಿ. ಬೈಲಿಲ್ಲ ಅಂತ ಮುಖ ಊದಿಸ್ಕೊಂಡಿರೋಳು ಈ ನದಿಯ ಎರಡೂ ದಡದಲ್ಲಿ ನೀನೊಬ್ಬಳೇ."

"ನಿನಗೆ ಅರ್ಥ ಆಗಲ್ಲ ಬಿಡು."

"ಆಗತ್ತೆ. ನಾನು ಬೇಕಾದ್ರೆ ಬೈತೀನಿ. ಏ ಸೋಮಾರಿ, ಉಪ್ಪು ಎಲ್ಲಿಟ್ಟಿದೀಯೇ?"

ಅವಳು ನಗಲಿಲ್ಲ. "ಅವಳಿಗೆ ಇಪ್ಪತ್ತಾರು, ಟ್ರಾಯನ್. ನನ್ನ ಕೈ ಅವಳ ಕೈ ಥರ ಓಡಲ್ಲ. ನನಗೆ ಜಾಸ್ತಿ ಹೇಳ್ಕೊಡ್ಬೇಕು, ಕಮ್ಮಿ ಅಲ್ಲ. ಅವನು ನನ್ನ ಕೈಬಿಟ್ಟಿದಾನೆ. ಮರ್ಯಾದೆಯಾಗಿ ಕೈಬಿಟ್ಟಿದಾನೆ."

"ಹಾಗಂತ ಹೋಗಿ ಕೇಳು."

"ಏನಂತ ಕೇಳ್ಲಿ? ದಯವಿಟ್ಟು ನನ್ನ ಬೈರಿ ಅಂತಲೇ?"

ಟ್ರಾಯನ್ ಯೋಚಿಸಿ, ಇನ್ನೊಂದು ಸುರುಳಿ ಅವಳ ತಟ್ಟೆಗೆ ಹಾಕಿದ.

ಅವಳು ಕೇಳಲಿಲ್ಲ, ಬದಲಿಗೆ ಬೈಸಿಕೊಳ್ಳುವ ಕೆಲಸಕ್ಕೆ ಇಳಿದಳು. ಒಂದು ದಿನ ಬೇಕೆಂದೇ ತಡವಾಗಿ ಹೋದಳು. ಸೊರಾನ ತಡ ಮಾಡಿದಾಗ ಅವನು ಗಡಿಯಾರವನ್ನೇ ಗೋಡೆಯಿಂದ ಕಿತ್ತು ಅವಳ ಕೈಗೆ ಕೊಟ್ಟು, "ಇದನ್ನ ಹೊತ್ಕೊಂಡು ಓಡಾಡು ಇವತ್ತು" ಎಂದಿದ್ದ. ವೆಟೂರಿಯಳನ್ನು ನೋಡಿ, "ಮನೇಲಿ ಎಲ್ಲ ಕ್ಷೇಮ ತಾನೇ ಡಾಕ್ಟರ್? ತೊಂದರೆ ಇದ್ರೆ ಹೇಳಿ, ಪಾಳಿ ಬದಲಾಯಿಸೋಣ" ಎಂದ. ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಇದರ ಮೇಲೆ ಸೊರಾನ ಕೆಟ್ಟವಳಾದರೂ ಆಗಿದ್ದಿದ್ದರೆ ಒಂದು ಸಮಾಧಾನವಿರುತ್ತಿತ್ತು. ಅವಳು ಕೆಟ್ಟವಳಲ್ಲ. ಅಮ್ಮ ಕಳಿಸಿದ ಬದನೆಕಾಯಿ ಗೊಜ್ಜಿನ ಶೀಶೆ ತಂದು ಎಲ್ಲರಿಗೂ ಬ್ರೆಡ್ಡಿಗೆ ಸವರಿ ಕೊಡುತ್ತಿದ್ದಳು. "ತಗೊಳ್ಳಿ ವೆಟೂರಿಯ ಆಂಟಿ" ಎನ್ನುತ್ತಿದ್ದಳು. ಆಂಟಿ! ಜೊತೆಗೆ ಕಲಿಯುವವಳು, ಒಂದೇ ವರ್ಷ ಸೇರಿದವಳು. ಗೊಜ್ಜು ರುಚಿಯಾಗಿಯೇ ಇರುತ್ತಿತ್ತು, ಅದೂ ಒಂದು ಸಿಟ್ಟು. ಊಟದ ಹೊತ್ತಿನಲ್ಲಿ ಎಲ್ಲರೂ ಹರಟುತ್ತಿದ್ದರೆ ವೆಟೂರಿಯ ಪಾಠದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗೋಗು ಮಾಮನ ಗಂಟಲಿಗೆ ಕೊಳವೆ ಇಳಿಸುತ್ತಿದ್ದಳು. ಇಳಿಸುವಾಗ ತಾನೇ ತನಗೆ ಹರಲಾಂಬಿಯೆಯ ದನಿಯಲ್ಲಿ ಬೈದುಕೊಳ್ಳುತ್ತಿದ್ದಳು. ಒಂದು ದಿನ ನರ್ಸು ಅಗ್ಲಾಯ ಬಾಗಿಲು ತೆರೆದು, "ಯಾರ್ಜೊತೆ ಜಗಳ ಡಾಕ್ಟರಮ್ಮಾ?" ಎಂದಾಗ ಮುಖ ಬಿಳಿಚಿಕೊಂಡಳು.

ವಸಂತದಲ್ಲಿ ಹೆದ್ದಾರಿಯ ಅಪಘಾತವೊಂದಕ್ಕೆ ಹೆಲಿಕಾಪ್ಟರಿನಲ್ಲಿ ಹೋಗುವಾಗ ಹರಲಾಂಬಿಯೆ ಸೊರಾನಳನ್ನು ಕರೆದ. "ಬಾರೇ, ನಿನ್ನ ಹೊಟ್ಟೆ ಎಷ್ಟು ಗಟ್ಟಿ ನೋಡೋಣ. ವಾಂತಿ ಮಾಡಿದ್ರೆ ಕೆಳಗೆ ಎಸೀತೀನಿ." ವೆಟೂರಿಯ ಕಿಟಕಿಯಲ್ಲಿ ನಿಂತು ನೋಡಿದಳು. ಹುಲ್ಲೆಲ್ಲ ಮಲಗಿತು, ಹೆಲಿಕಾಪ್ಟರ್ ಎದ್ದಿತು, ನದಿಯ ಮೇಲೆ ವಾಲಿ ಚಿಕ್ಕದಾಯಿತು. ಅದು ಬೀಳದಿರಲಿ ಎಂದು ಶಿಲುಬೆಯ ಗುರುತು ಹಾಕಿಕೊಂಡಳು. ಹಾಕಿಕೊಳ್ಳುವಾಗಲೇ, ಹುಡುಗಿ ವಾಂತಿಯನ್ನಾದರೂ ಮಾಡಲಿ ಎಂದು ಬಯಸಿದಳು. ಹುಡುಗಿ ವಾಂತಿ ಮಾಡಲಿಲ್ಲ. ಮುರಿದ ಪಕ್ಕೆಲುಬಿನವನ ಎದೆಗೆ ಆಕಾಶದಲ್ಲೇ ನಳಿಕೆ ಹಾಕಿ ಗಾಳಿ ಬಿಡಿಸಿ ಬದುಕಿಸಿಕೊಂಡು ಬಂದಳು. ವಾರವೆಲ್ಲ ಅದೇ ಮಾತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಸ್ಪಿರಿದಾನ್ ಎಂಬ ಮುದುಕನನ್ನು ಕರೆದುಕೊಂಡು ಅವನ ಹೆಂಡತಿ ಪರಸ್ಕೀವ ಬಂದಳು. ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ಎಡಗಡೆ ಸೊಂಟದಲ್ಲಿ ನೋವು, ತೊಡೆಯವರೆಗೂ ಇಳಿಯುತ್ತಿದೆ ಎಂದ. ಮೊದಲೂ ಕಲ್ಲು ಬಿದ್ದಿತ್ತಂತೆ. ಅವನನ್ನು ನೋಡಿಕೊಂಡವಳು ಸೊರಾನ. ಸ್ಕ್ಯಾನ್ ಯಂತ್ರ ಎಳೆದುಕೊಂಡು ಮೂತ್ರಪಿಂಡ ನೋಡಿದಳು. ಸ್ವಲ್ಪ ಊದಿದಂತೆ ಕಂಡಿತು.

"ಅದೇ ಹಳೇ ನೆಂಟ ಅಜ್ಜಾ, ಕಲ್ಲು," ಎಂದು ನಗುತ್ತ ಹೇಳಿದಳು. "ನೋವಿನ ಇಂಜೆಕ್ಷನ್ ಕೊಡ್ತೀನಿ, ತಂಪಾಗ್ತೀರ." ಚುಚ್ಚುಮದ್ದು ತರಲು ಔಷಧಿಯ ಕಪಾಟಿನ ಕಡೆ ಹೋದಳು.

ಪಕ್ಕದ ಮಂಚದಲ್ಲಿ ವೆಟೂರಿಯ ಅಂಗೈ ಕೊಯ್ದುಕೊಂಡ ಹೆಂಗಸೊಬ್ಬಳಿಗೆ ಹೊಲಿಗೆ ಹಾಕುತ್ತಿದ್ದಳು. ನಡುವೆ ಬರೀ ಒಂದು ಪರದೆ, ಅದೂ ಅರ್ಧ ಸರಿದಿತ್ತು. ಪರಸ್ಕೀವ ಇವಳ ನರೆಗೂದಲು ನೋಡಿ, ಇವಳೇ ದೊಡ್ಡ ಡಾಕ್ಟರು ಎಂದುಕೊಂಡಳೋ ಏನೋ, ಪರದೆಯ ಅಂಚು ಹಿಡಿದು ಪಿಸುಗುಟ್ಟಿದಳು: "ಡಾಕ್ಟರಮ್ಮಾ, ಟ್ರಾಮ್ ಇಳಿಯೋವಾಗ ಇವ್ರಿಗೆ ಕಣ್ಣು ಕತ್ತಲೆ ಬಂದು ಹಾಗೇ ಕೂತ್ಬಿಟ್ರು. ಯಾರಿಗೂ ಹೇಳ್ಬೇಡ ಅಂತಾರೆ. ಕಲ್ಲು ಬಿದ್ರೆ ಹಾಗೂ ಆಗತ್ತಾ?"

ವೆಟೂರಿಯಳ ಸೂಜಿ ನಿಂತಿತು. ಪರದೆಯ ಸಂದಿಯಿಂದ ಸ್ಪಿರಿದಾನ್‌ನ ಮುಖ ಕಾಣುತ್ತಿತ್ತು: ಮೇಣದ ಬಣ್ಣ, ಹಣೆಯಲ್ಲಿ ತಣ್ಣನೆಯ ಬೆವರು. ಹಾಸಿಗೆಯ ಕಂಬಿ ಹಿಡಿದಿದ್ದ ಅವನ ಬೆರಳುಗಳು. ಅವಳ ಕಣ್ಣಿಗೆ ಬಾಗಿಲ ಚೌಕಟ್ಟು ಹಿಡಿದ ಇಯೊನಿಕೆ ಕಂಡ. ಕಲ್ಲಲ್ಲ. ಅವಳಿಗೆ ಗೊತ್ತಾಯಿತು. ಅನುಮಾನವಲ್ಲ, ಗೊತ್ತೇ ಆಯಿತು. ಸ್ಕ್ಯಾನ್ ಯಂತ್ರ ಮುದುಕನ ತಲೆದಿಂಬಿನ ಪಕ್ಕದಲ್ಲೇ ಇತ್ತು. ಸೊರಾನ ಅದನ್ನು ನಾಲ್ಕು ಬೆರಳು ಮಧ್ಯಕ್ಕೆ ಸರಿಸಿ ನೋಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ಪಡಸಾಲೆಯ ಕೊನೆಯಿಂದ ಹರಲಾಂಬಿಯೆಯ ದನಿ ಕೇಳಿಸಿತು. ಮಧ್ಯಾಹ್ನದ ಸುತ್ತು ಶುರುವಾಗಿತ್ತು. ಒಂದೊಂದು ಮಂಚದ ಬಳಿ ನಿಂತು, ತರಬೇತಿಯವರಿಂದ ವರದಿ ಕೇಳಿ, ಬೈದು, ಮುಂದೆ ಬರುತ್ತಿದ್ದ. ಇನ್ನೇನು ಇಲ್ಲಿಗೂ ಬರುತ್ತಾನೆ.

ಬರಲಿ, ಎಂದುಕೊಂಡಳು ವೆಟೂರಿಯ. ಅವನ ಮುಂದೆ ಹುಡುಗಿ ತನ್ನ ಬಾಯಿಂದಲೇ ಕಲ್ಲು ಎನ್ನಲಿ. ಆಗ ನಾನು ಹೇಳುತ್ತೇನೆ.

"ನೋಡ್ತೀವಿ ಅಮ್ಮ, ಕೂತಿರಿ," ಎಂದು ಪರಸ್ಕೀವಳಿಗೆ ಹೇಳಿ, ಒಂದು ಹೊಲಿಗೆ ಹಾಕಿದಳು. ದಾರ ಕತ್ತರಿಸಿದಳು. ಇನ್ನೊಂದು ಹಾಕಿದಳು. ಸೊರಾನ ಬಂದು ಮುದುಕನಿಗೆ ಚುಚ್ಚಿ ಹೋದಳು. ಹರಲಾಂಬಿಯೆಯನ್ನು ಯಾರೋ ರೋಗಿಯ ಮಗ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ. ಅವರ ವಾದ ಮುಗಿಯುವಂತೆ ಕಾಣಲಿಲ್ಲ. ವೆಟೂರಿಯ ಮೂರನೆಯ ಹೊಲಿಗೆಗೆ ಸೂಜಿ ಎತ್ತಿದಾಗ ಪರಸ್ಕೀವ ಕಿರುಚಿದಳು.

ಸೂಜಿ ಎಲ್ಲಿ ಬಿತ್ತೋ. ಪರದೆ ಕಿತ್ತು ಒಳಗೆ ನುಗ್ಗಿದಳು. ಮುದುಕನ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು, ನಾಡಿ ದಾರದಂತೆ ತೆಳ್ಳಗಾಗಿತ್ತು. "ಮಹಾರಕ್ತನಾಳ ಒಡೆದಿದೆ! ಸ್ಕ್ಯಾನ್ ಈ ಕಡೆ ಕೊಡು, ಮೂತ್ರಪಿಂಡ ಅಲ್ಲ, ಹೊಟ್ಟೆ ಮಧ್ಯ ನೋಡು! ಅಗ್ಲಾಯ, ರಕ್ತ ತರಿಸು, ಸರ್ಜನ್‌ಗೆ ಫೋನ್ ಮಾಡು!" ಓಡಿಬಂದ ಸೊರಾನ ಸ್ಕ್ಯಾನಿನ ಹಿಡಿಯನ್ನು ಹೊಟ್ಟೆಯ ಮಧ್ಯಕ್ಕೆ ಒತ್ತಿದಳು. ಯಂತ್ರದ ಪರದೆಯ ಮೇಲೆ ಮುಷ್ಟಿಗಾತ್ರದ ಕಪ್ಪು ಗುಳ್ಳೆ ಮೂಡಿತು. ಹರಲಾಂಬಿಯೆ ಬರುವ ಹೊತ್ತಿಗೆ ಮಂಚ ಶಸ್ತ್ರಚಿಕಿತ್ಸೆಯ ಕೋಣೆಯ ಕಡೆ ಓಡುತ್ತಿತ್ತು.

ಸ್ಪಿರಿದಾನ್ ಮೇಜಿನ ಮೇಲೆ ಸಾಯಲಿಲ್ಲ. ಸಂಜೆಗೆ ಸರ್ಜನ್ ಬಂದು, ರಕ್ತನಾಳ ಕಟ್ಟಿದ್ದೇವೆ, ಆದರೆ ಮೂತ್ರಪಿಂಡಗಳಿಗೆ ಪೆಟ್ಟು ಬಿದ್ದಿದೆ, ನೋಡಬೇಕು ಎಂದರು.

ಆಗ ಹರಲಾಂಬಿಯೆ ವಿಭಾಗದ ನಟ್ಟನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಇವತ್ತು ಈ ಮನುಷ್ಯನ್ನ ಉಳಿಸಿದ್ದು ವೆಟೂರಿಯ ಡಾಕ್ಟರು. ನೋಡಿ ಕಲೀರಿ. ಅನುಭವ ಅಂದ್ರೆ ಇದು." ಆಮೇಲೆ ಸೊರಾನಳ ಕಡೆ ತಿರುಗಿ ಕೆಂಡ ಕಾರಿದ. ಅವಳು ತಲೆ ಬಗ್ಗಿಸಿ ನಿಂತಿದ್ದಳು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ.

ವರ್ಷದಿಂದ ಕಾದಿದ್ದ ಹೊಗಳಿಕೆ. ವೆಟೂರಿಯ ಅದನ್ನು ಬಾಯಲ್ಲಿಟ್ಟುಕೊಂಡು ನೋಡಿದಳು. ನುಂಗಲಾಗಲಿಲ್ಲ, ಉಗುಳಲೂ ಆಗಲಿಲ್ಲ. ಮನೆಗೆ ಹೋಗಿ ಟ್ರಾಯನ್‌ಗೆ ನಡೆದುದರಲ್ಲಿ ಹೊಗಳಿಕೆಯ ಭಾಗ ಮಾತ್ರ ಹೇಳಿದಳು. ಅವನು ಪ್ಲಮ್ ಹಣ್ಣಿನ ಸಾರಾಯಿ ಬಗ್ಗಿಸಿ, "ಕೊನೆಗೂ!" ಎಂದ. ಅವಳು ಲೋಟ ಮುಟ್ಟಲಿಲ್ಲ. ತಲೆನೋವು ಎಂದಳು.

ಮುಂದಿನ ಬುಧವಾರ ಗೋಗು ಮಾಮನನ್ನು ಮೂಲೆಗೆ ಸರಿಸಿ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತರು. ಏನಾದರೂ ತಪ್ಪಾದಾಗ, ತಪ್ಪು ಮಾಡಿದವರೇ ಎದ್ದು ನಿಂತು ಮೊದಲಿಂದ ಕೊನೆಯವರೆಗೆ ಹೇಳುವುದು ಅಲ್ಲಿನ ಪದ್ಧತಿ. ಸೊರಾನ ಎದ್ದು ನಿಂತಳು. ಮುಖ ಇಳಿದುಹೋಗಿತ್ತು. ಆದರೆ ದನಿ ಗಟ್ಟಿಯಾಗಿತ್ತು.

"ಮುದುಕರು, ಸಿಗರೇಟು ಸೇದೋರು, ಸೊಂಟದಿಂದ ತೊಡೆಗೆ ಇಳಿಯೋ ನೋವು. ರಕ್ತನಾಳ ನೋಡ್ಲೇಬೇಕಿತ್ತು. ನಾನು ಕಲ್ಲು ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡು, ಆಮೇಲೆ ಕಲ್ಲನ್ನೇ ಹುಡುಕ್ದೆ. ಮೂರ್ಛೆ ಬಂದಿತ್ತಾ ಅಂತ ಕೇಳ್ಲಿಲ್ಲ." ಬರೆದಿಟ್ಟುಕೊಳ್ಳದೆ, ಯಾರನ್ನೂ ದೂರದೆ, ಒಂದೊಂದನ್ನೂ ಹೇಳಿದಳು. ಕೊನೆಗೆ ವೆಟೂರಿಯಳ ಕಡೆ ತಿರುಗಿದಳು. ಕಣ್ಣಿನಲ್ಲಿ ಕೊಂಕಿರಲಿಲ್ಲ, ಕಲಿಯುವ ಆಸೆಯಷ್ಟೇ ಇತ್ತು. "ಆಂಟಿ, ನಿಮಗೆ ಹೇಗೆ ಗೊತ್ತಾಯ್ತು? ಮೊದ್ಲು ಏನು ನೋಡಿದ್ರಿ? ಅದನ್ನ ನಾನು ತಿಳ್ಕೊಬೇಕು."

ಸುಳ್ಳು ಹೇಳುವುದು ಸುಲಭವಿತ್ತು. ಅವನು ಕುಸಿದಾಗ ಹೊಳೆಯಿತು ಎಂದರೆ ಮುಗಿಯುತ್ತಿತ್ತು. ವೆಟೂರಿಯ ಬಾಯಿ ತೆರೆದಳು. ಹೊರಬಿದ್ದ ಮಾತು ಬೇರೆಯಾಗಿತ್ತು.

"ಅವರ ಹೆಂಡತಿ ಹೇಳಿದ್ರು. ಟ್ರಾಮ್ ಇಳಿಯೋವಾಗ ಕಣ್ಣು ಕತ್ತಲೆ ಬಂತು ಅಂತ. ಆಗ ಮುಖ ನೋಡಿದೆ. ಗೊತ್ತಾಯ್ತು."

"ಯಾವಾಗ ಹೇಳಿದ್ರು?"

"ನೀನು ಇಂಜೆಕ್ಷನ್ ತರೋಕೆ ಹೋಗಿದ್ಯಲ್ಲ, ಆಗ."

ಸೊರಾನ ಮೊದಲು ತಲೆಯಾಡಿಸಿದಳು. ಆಮೇಲೆ ಅವಳ ಹುಬ್ಬು ನಿಧಾನವಾಗಿ ಗಂಟಾಯಿತು. "ಆದ್ರೆ... ನಾನು ತಂದು ಚುಚ್ಚಿದೆ. ಚುಚ್ಚಿ ಹೋದೆ. ನೀವು ಅಲ್ಲೇ ಹೊಲಿಗೆ ಹಾಕ್ತಿದ್ರಿ."



"ಹೂಂ," ಎಂದಳು ವೆಟೂರಿಯ. "ಇವರು ಸುತ್ತು ಬರ್ತಿದ್ರು. ಇವರ ಮುಂದೆ ನೀನು ತಪ್ಪು ಹೇಳ್ಲಿ ಅಂತ ಕಾದೆ."

ಹರಲಾಂಬಿಯೆ ಕುರ್ಚಿಯಿಂದ ಎದ್ದ. ಅವನ ಮುಖದ ಬಣ್ಣ ಬದಲಾಗಿದ್ದನ್ನು ಎಲ್ಲರೂ ನೋಡಿದರು. "ಕಾದೆ?" ಎಂದ. "ಗೊತ್ತಿದ್ದೂ ಕಾದ್ಯಾ? ಒಂದು ಜೀವ ಹಾಸಿಗೆ ಮೇಲೆ ಸೋರಿ ಹೋಗ್ತಿದೆ, ನೀನು ದಾರ ಕತ್ತರಿಸ್ತಾ ಕೂತಿದ್ಯಾ? ಏನೇ ವೆಟಾ, ಹದಿನಾರು ವರ್ಷ ಹಳ್ಳೀಲಿ ಜನ ನಿನ್ನ ನಂಬಿ ಬಾಗಿಲು ತಟ್ಟಿದ್ದು ಇದಕ್ಕಾ? ಈ ಹುಡುಗಿ ಮಾಡಿದ್ದು ತಪ್ಪು. ತಪ್ಪಿಗೆ ನನ್ನ ಹತ್ರ ಮದ್ದಿದೆ. ಬೈತೀನಿ, ಮತ್ತೆ ಮತ್ತೆ ಮಾಡಿಸ್ತೀನಿ, ವಾಸಿಯಾಗತ್ತೆ. ನೀನು ಮಾಡಿದ್ದಕ್ಕೆ ಏನೇ ಮದ್ದು? ಹೇಳು! ಯಾಕೆ ಮಾಡ್ದೆ? ಬಾಯಿ ಬಿಡು!"

"ನೀನು ಅವಳಿಗೆ ಮಾತ್ರ ಕಲಿಸ್ತೀಯ ಲಾಂಬಿ," ಎಂದಳು ವೆಟೂರಿಯ. ಇಪ್ಪತ್ತು ವರ್ಷದ ಮೇಲೆ ಆ ಹೆಸರು ಬಾಯಿಂದ ಬಂದಿತ್ತು. "ನನಗೆ ಒಂದು ದಿನ ಬೈದಿದೀಯಾ? ನಾನು ಗೋಗು ಮಾಮನ ಹೊಟ್ಟೆ ಊದಿಸಿದ್ರೂ ಪರವಾಗಿಲ್ಲ, ತಡವಾಗಿ ಬಂದ್ರೂ ಪರವಾಗಿಲ್ಲ. ನಾನು ಇಲ್ಲಿಗೆ ಕಲಿಯೋಕೆ ಬಂದೆ. ನೀನು ನನ್ನ ಅತಿಥಿ ಥರ ಕೂರಿಸಿದೆ. ಅವಳನ್ನ ನೋಡಿ ನೋಡಿ ನನ್ನ ಹೊಟ್ಟೆ ಸುಟ್ಟುಹೋಯ್ತು."

ಹರಲಾಂಬಿಯೆ ಮತ್ತೆ ಕುರ್ಚಿಯಲ್ಲಿ ಕೂತ. ದನಿ ತಗ್ಗಿತ್ತು. "ನೀನು ನನಗೆ ಮೂಳೆ ಕಲಿಸಿದೋಳು. ನಿನ್ನ ಬೈಯೋಕೆ ನನಗೆ ನಾಲಿಗೆ ಏಳ್ಲಿಲ್ಲ. ಅದು ನನ್ನ ಹೇಡಿತನ, ಒಪ್ಕೊಂಡೆ. ಅದರ ಜಗಳ ನನ್ನ ಜೊತೆ ಆಡ್ಬೇಕಿತ್ತು. ಆ ಮುದುಕ ಏನೇ ಮಾಡಿದ್ದ ನಿನಗೆ?"

 ಬೈಸಿಕೊಂಡರೆ ಹಗುರಾಗುತ್ತದೆ ಎಂದುಕೊಂಡಿದ್ದಳು ವೆಟೂರಿಯ. ಆಗಲಿಲ್ಲ. ಎದೆಯಲ್ಲಿ ಯಾರೋ ಬಿಸಿ ಇಟ್ಟಿಗೆ ಇಟ್ಟು ಹೋದಂತಿತ್ತು.

ಅವನು ಅವಳನ್ನು ಎರಡು ತಿಂಗಳು ರೋಗಿಗಳಿಂದ ದೂರವಿಟ್ಟ. ಮೇಲಿನವರಿಗೆ ವರದಿ ಕೊಟ್ಟ, ವಿಚಾರಣೆ ನಡೆಯಿತು, ತರಬೇತಿ ಒಂದು ವರ್ಷ ಹೆಚ್ಚಾಯಿತು. ಅದಕ್ಕೂ ಮೊದಲು, "ಆ ಮನೆಯವರಿಗೆ ನೀನೇ ಹೋಗಿ ಹೇಳ್ಬೇಕು. ನಾನು ಜೊತೆಗೆ ಬರ್ತೀನಿ, ಮಾತು ನಿಂದೇ," ಎಂದ.

ಸ್ಪಿರಿದಾನ್ ಆಗ ಮೇಲಿನ ಮಹಡಿಯಲ್ಲಿದ್ದ. ವಾರಕ್ಕೆ ಮೂರು ಸಲ ಯಂತ್ರದಿಂದ ರಕ್ತ ಶುದ್ಧ ಮಾಡುತ್ತಿದ್ದರು. ಪರಸ್ಕೀವ ಪಡಸಾಲೆಯ ಬೆಂಚಿನ ಮೇಲೆ ಡಬ್ಬಿಯಲ್ಲಿ ಸಾರು ಇಟ್ಟುಕೊಂಡು ಕೂತಿದ್ದಳು. ವೆಟೂರಿಯಳನ್ನು ಕಂಡೊಡನೆ ಎದ್ದು ಕೈ ಹಿಡಿದು ಮುತ್ತಿಕ್ಕಲು ಬಂದಳು. ಗಂಡನನ್ನು ಉಳಿಸಿದವಳು ಇವಳೇ ಎಂದು ಅವಳಿಗೆ ಯಾರೋ ಹೇಳಿದ್ದರು. ವೆಟೂರಿಯ ಕೈ ಹಿಂದಕ್ಕೆ ಎಳೆದುಕೊಂಡಳು. ನಿಂತೇ ಎಲ್ಲವನ್ನೂ ಹೇಳಿದಳು. ಕಾರಣವನ್ನೂ ಹೇಳಿದಳು.

ಪರಸ್ಕೀವ ಬೆಂಚಿನ ಮೇಲೆ ಕೂತಳು. "ಆ ಹೊತ್ತಿಗೇ ಹೇಳಿದ್ರೆ ಇವರ ಮೂತ್ರಪಿಂಡ ಕೆಡ್ತಿರ್ಲಿಲ್ವಾ?"

"ಗೊತ್ತಿಲ್ಲಮ್ಮ. ಸರ್ಜನ್ನೂ ಗೊತ್ತಿಲ್ಲ ಅಂತಾರೆ. ಕೆಡದೇ ಇರಬಹುದಿತ್ತು."

ಮುದುಕಿ ಸಾರಿನ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡಿದಳು, ಸಡಿಲ ಮಾಡಿದಳು. "ನಾನು ನಿನ್ನ ಹತ್ರ ಹೇಳ್ದೆ ಕಣಮ್ಮ. ಆ ಹುಡುಗಿ ಹತ್ರ ಹೇಳದೆ ನಿನ್ನ ಹತ್ರ ಹೇಳ್ದೆ. ದೊಡ್ಡೋಳು, ತಿಳ್ಕೊಂತಾಳೆ ಅಂತ." ಸ್ವಲ್ಪ ತಡೆದು, "ಈಗ ಹೋಗು. ನಿನ್ನ ಮುಖ ನೋಡೋಕಾಗಲ್ಲ," ಎಂದಳು.

ವೆಟೂರಿಯ ಹೋದಳು. ಸ್ಪಿರಿದಾನ್ ಚಳಿಗಾಲದ ಹೊತ್ತಿಗೆ ಯಂತ್ರದ ಹಂಗಿಲ್ಲದೆ ಬದುಕುವಷ್ಟು ಚೇತರಿಸಿಕೊಂಡ. ಉಪ್ಪಿಲ್ಲದ ಊಟಕ್ಕೆ ಬೈಯುತ್ತ ಮನೆಯಲ್ಲಿದ್ದಾನೆ ಎಂದು ಅಗ್ಲಾಯಳಿಂದ ತಿಳಿಯಿತು. ಪರಸ್ಕೀವ ಮತ್ತೆ ಇವಳೊಡನೆ ಮಾತಾಡಲಿಲ್ಲ.

ಸೊರಾನಳೂ ಬಹಳ ದಿನ ಮಾತಾಡಲಿಲ್ಲ. ಗೊಜ್ಜು ಸವರಿದ ಬ್ರೆಡ್ಡಿನ ತಟ್ಟೆ ಎಲ್ಲರ ಮುಂದೆ ಹಾದು ವೆಟೂರಿಯಳ ಮುಂದೆ ಬಂದಾಗ ಬೇರೆ ದಾರಿ ಹಿಡಿಯುತ್ತಿತ್ತು. ಶರತ್ಕಾಲದ ಒಂದು ಬೆಳಗ್ಗೆ ಇಬ್ಬರೇ ಕೈ ತೊಳೆಯುತ್ತ ನಿಂತಿದ್ದಾಗ ಸೊರಾನ ಕನ್ನಡಿಯಲ್ಲಿ ಅವಳನ್ನು ನೋಡುತ್ತ ಕೇಳಿದಳು: "ನನ್ನ ಬೈತಾರೆ ಅಂತ ಹೊಟ್ಟೆಕಿಚ್ಚಾ ನಿಮಗೆ? ನಿಜವಾಗ್ಲೂ?"

"ಹೂಂ."

"ನಾನು ಪ್ರತಿ ಬುಧವಾರ ಮನೆಗೆ ಹೋಗಿ ದಿಂಬು ಕಚ್ಕೊಂಡು ಅಳ್ತಿದ್ದೆ. ಬಿಟ್ಟು ಹೋಗ್ಬೇಕು ಅಂತ ಎರಡ್ಸಲ ಬಟ್ಟೆ ಕಟ್ಟಿದ್ದೆ. ಅದಕ್ಕೆ ನೀವು..." ಅವಳಿಗೆ ನಗು ಬಂತು, ನಗುವಿನ ಮಧ್ಯೆ ಸಿಟ್ಟೂ ಬಂತು. "ಕೇಳಿದ್ರೆ ಅರ್ಧ ಕೊಟ್ಬಿಡ್ತಿದ್ನಲ್ಲ ಆಂಟಿ! ನಿಮ್ಮನ್ನ ಕ್ಷಮಿಸೋಕೆ ನನಗಿನ್ನೂ ಆಗಿಲ್ಲ. ಆದ್ರೆ ಜೊತೇಲಿ ಕೆಲಸ ಮಾಡ್ತೀನಿ."

ಆಮೇಲಿನ ವರ್ಷಗಳಲ್ಲಿ ಹರಲಾಂಬಿಯೆ ವೆಟೂರಿಯಳಿಗೆ ಸಾಲ ತೀರಿಸುವವನಂತೆ ಬೈದ. ಕೊಳವೆಗೆ ಬೈದ, ಕನ್ನಡಕಕ್ಕೆ ಬೈದ, ನಿಧಾನಕ್ಕೆ ಬೈದ. ಬೈಗುಳ ಅವಳು ಅಂದುಕೊಂಡಿದ್ದಷ್ಟು ರುಚಿಯಾಗಿರಲಿಲ್ಲ. ಕೆಲವು ದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆದರೆ ಕೈ ಕಲಿಯಿತು. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಹೋಗಲಿಲ್ಲ. ನಾಲ್ಕನೆಯ ವರ್ಷ ಸೊರಾನಳನ್ನು ಪಾಳಿಯ ಮುಖ್ಯಸ್ಥೆಯಾಗಿ ಮಾಡಿ ವೆಟೂರಿಯಳನ್ನು ಅವಳ ಕೈಕೆಳಗೆ ಹಾಕಿದಾಗ ಆ ಹಳೆಯ ಉರಿ ಹೊಗೆಯಾಡಿತು. ಅವಳು ಅದನ್ನು ಗುರುತಿಸಿದಳು. ಗುರುತಿಸಿದ ದಿನಗಳಲ್ಲಿ, ಮನಸ್ಸಿಗೆ ಬಂದ ಅನುಮಾನವನ್ನು ಬಾಯಲ್ಲಿ ಇಟ್ಟುಕೊಳ್ಳದೆ ಬೇರೆಯವರಿಗಿಂತ ಮೊದಲೇ, ಜೋರಾಗಿ ಹೇಳಿಬಿಡುತ್ತಿದ್ದಳು. "ಸೊರಾನ, ಅವನ ಕುತ್ತಿಗೆ ನೋಡು." "ಸೊರಾನ, ಇನ್ನೊಂದ್ಸಲ ರಕ್ತದೊತ್ತಡ." ಕೆಲವು ಸಲ ಅವಳ ಅನುಮಾನ ಸುಳ್ಳಾಗಿ ಎಲ್ಲರೂ ನಕ್ಕರು. ನಗಲಿ ಎಂದು ಬಿಟ್ಟಳು.

ಕೊನೆಯ ಪರೀಕ್ಷೆಯಲ್ಲಿ ಸೊರಾನ ದೇಶಕ್ಕೆ ಎರಡನೆಯವಳಾಗಿ, ಅಲ್ಲೇ ತರಬೇತಿ ಕೊಡುವ ಡಾಕ್ಟರಾಗಿ ಉಳಿದಳು. ಒಂದು ವರ್ಷದ ನಂತರ ವೆಟೂರಿಯ ಹೇಗೋ ದಡ ಮುಟ್ಟಿದಳು. ನದಿಯ ಕೆಳಹರಿವಿನ ದಡದ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ತುರ್ತು ವಿಭಾಗಕ್ಕೆ ಡಾಕ್ಟರು ಯಾರೂ ಬರುತ್ತಿರಲಿಲ್ಲ. ಅವಳು ಹೋದಳು. ಟ್ರಾಯನ್‌ಗೆ ಅದು ಅನುಕೂಲವೇ ಆಯಿತು. ಮನೆಯ ಕಿಟಕಿಯಿಂದ ತನ್ನ ಹಡಗು ಕಾಣುತ್ತದೆ ಎಂದು ಖುಷಿಪಟ್ಟ. ಅಲ್ಲಿಗೆ ವರ್ಷಕ್ಕೊಬ್ಬರು ಇಬ್ಬರು ತರಬೇತಿಯವರು ಕೆಲ ತಿಂಗಳ ಮಟ್ಟಿಗೆ ಬರುತ್ತಾರೆ. ಹೊಸಬರನ್ನು ಅವಳು ಮೊದಲ ದಿನವೇ ಕೂರಿಸಿಕೊಂಡು, ಸ್ಪಿರಿದಾನ್‌ನ ಕಥೆ ಹೆಸರು ಮರೆಸದೆ, ತನ್ನ ಹೆಸರನ್ನೂ ಮರೆಸದೆ ಹೇಳುತ್ತಾಳೆ. ಕೇಳಿದವರು ಅವಳನ್ನು ಕೆಲವು ದಿನ ಬೇರೆಯಾಗಿ ನೋಡುತ್ತಾರೆ. ನೋಡಲಿ ಎಂದೇ ಹೇಳುವುದು.

ಕಳೆದ ವಸಂತದಲ್ಲಿ ಬಂದರು ಊರಿನಲ್ಲಿ ಎರಡು ದಿನದ ತರಬೇತಿ ಶಿಬಿರ ಇತ್ತು. ವೆಟೂರಿಯ ತನ್ನ ಬಳಿ ತರಬೇತಿಗಿದ್ದ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದಳು. ವೇದಿಕೆಯ ಮೇಲೆ ಸೊರಾನ ನಿಂತು ಪಾಠ ಮಾಡಿದಳು. ಅವಳ ಕೂದಲಲ್ಲೂ ಒಂದೆರಡು ಬಿಳಿ ಎಳೆ ಬಂದಿತ್ತು, ದನಿ ಅದೇ ಗಟ್ಟಿ ದನಿ. ಮುಗಿಯುವ ಹೊತ್ತಿಗೆ ಇವಳ ಹುಡುಗಿಯರ ಕಣ್ಣು ದೀಪದಂತೆ ಹೊಳೆಯುತ್ತಿತ್ತು. ಆ ಕಣ್ಣು ಅವರು ಇವಳ ಪಾಠ ಕೇಳುವಾಗ ಎಂದೂ ಹಾಗೆ ಹೊಳೆದದ್ದಿಲ್ಲ. ಹಳೆಯ ಉರಿ ಮತ್ತೆ ಎದ್ದದ್ದು ವೆಟೂರಿಯಳಿಗೆ ತಿಳಿಯಿತು.

"ಎಷ್ಟು ಚೆನ್ನಾಗಿ ಹೇಳ್ತಾರೆ ಅಲ್ವಾ ಮೇಡಂ?" ಎಂದಳು ಒಬ್ಬಳು.

"ಚೆನ್ನಾಗಿ ಹೇಳ್ತಾಳೆ," ಎಂದಳು ವೆಟೂರಿಯ. "ಹೋಗಿ, ಊಟಕ್ಕೆ ಅವಳ ಮೇಜಿನಲ್ಲೇ ಕೂತ್ಕೊಳ್ಳಿ. ಕೇಳೋದೆಲ್ಲ ಕೇಳಿ."

"ನೀವು ಬರಲ್ವಾ?"

"ನೀವು ಹೋಗಿ. ನಾನು ಸ್ವಲ್ಪ ಹೊತ್ತು ಬಿಟ್ಟು ಬರ್ತೀನಿ."

ಹುಡುಗಿಯರು ಹೋದರು. ವೆಟೂರಿಯ ಹೊರಗೆ ಬಂದು, ಬೀದಿಯಂಚಿನ ಗಾಡಿಯಲ್ಲಿ ಎಳ್ಳು ಉದುರಿಸಿದ, ಬಳೆಯಂತೆ ದುಂಡಗಿನ ಬಿಸಿ ಬ್ರೆಡ್ಡು ಕೊಂಡು, ನಿಂತಲ್ಲೇ ಪೂರ್ತಿ ತಿಂದಳು. ಆಮೇಲೆ ಒಳಗೆ ಹೋಗಿ ಅದೇ ಮೇಜಿಗೆ ಒಂದು ಕುರ್ಚಿ ಎಳೆದುಕೊಂಡಳು.